ಈ ಟೇಬಲ್ ಎಲ್ಲೆಲ್ಲಿ ಬಳಕೆಯಲ್ಲಿದೆ? ಹಳೆಯ ಆಕ್ಸೆಸ್ ಫೈಲಿನಲ್ಲಿ ಪತ್ತೆ ಹಚ್ಚುವ ಬಗೆ

ಪ್ರಶ್ನೆ: ಸರ, ವಿಜಯಪುರದಾಗ ನಮ್ಮದೊಂದು ಒಣದ್ರಾಕ್ಷಿ ಕೋಲ್ಡ್ ಸ್ಟೋರೇಜ್ ಐತಿ. ಆವಕ, ಜಾವಕ, ಲಾಟಿನ ಬಾಡಿಗಿ, ಹಮಾಲಿ, ರೈತರ ಖಾತೆ ಎಲ್ಲಾ 2009ರಾಗ ಮೈಕ್ರೋಸಾಫ್ಟ್ ಆಕ್ಸೆಸ್‌ನಾಗ ಮಾಡಿಸಿದ ಸಾಫ್ಟ್‌ವೇರ್ ಮ್ಯಾಲೆ ನಡಿತೈತಿ. ಮಾಡಿಕೊಟ್ಟವರು ಈಗ ಊರಾಗಿಲ್ಲ. ಒಳಗ 143 ಟೇಬಲ್ ಅದಾವ. ‘ಲಾಟ್’, ‘ಲಾಟ್1’, ‘ಲಾಟ್_ಹಳೇದು’, ‘ಟೆಂಪ್‌ಬಿಲ್’ ಅಂತ ಒಂದರಂಗ ಒಂದು. ಯಾವ ಟೇಬಲ್ ಯಾವ ಫಾರ್ಮಿಗೆ, ಯಾವ ರಿಪೋರ್ಟಿಗೆ ಬೇಕು ಅನ್ನೂದು ಗೊತ್ತಾಗವಲ್ದು. ಬ್ಯಾಡಾದ್ದು ತಗದು ಹಾಕಬೇಕಂದ್ರ ಕೈ ನಡಗತೈತಿ. ಯಾವ ಟೇಬಲ್ ಎಲ್ಲೆಲ್ಲಿ ಬಳಕೆ ಆಗೈತಿ ಅಂತ ಪಟ್ಟಿ ತಗಿಯೂದು ಹೆಂಗ?

ಉತ್ತರ: ಅಂಥ ಪೂರ್ತಿ ಪಟ್ಟಿ ಕೊಡುವ ಬಟನ್ ಆಕ್ಸೆಸ್‌ನಲ್ಲಿ ಇಲ್ಲ. ‘ಆಬ್ಜೆಕ್ಟ್ ಡಿಪೆಂಡೆನ್ಸೀಸ್’ ಅಂತ ಒಂದಿದೆ, ಆದರೆ ಅದು ಹೇಳುವುದು ಅರ್ಧ. ಆ ಅರ್ಧವನ್ನೇ ಪೂರ್ತಿ ಎಂದು ನಂಬಿದವರು ಟೇಬಲ್ ಅಳಿಸಿ ಪೇಚಿಗೆ ಬೀಳುತ್ತಾರೆ. ಒಂದು ಟೇಬಲ್ಲಿನ ಹೆಸರು ಕ್ವೆರಿಯಲ್ಲಿ (ಟೇಬಲ್ಲಿನ ಡೇಟಾ ಆರಿಸುವ, ಬದಲಿಸುವ ಆಜ್ಞೆ) ಇರಬಹುದು, ಫಾರ್ಮಿಗೆ ಡೇಟಾ ಎಲ್ಲಿಂದ ಎಂದು ಹೇಳುವ ಅದರ ರೆಕಾರ್ಡ್ ಸೋರ್ಸ್‌ನಲ್ಲಿರಬಹುದು, ಕಾಂಬೊ ಬಾಕ್ಸಿನ ಪಟ್ಟಿ ತುಂಬುವ ರೋ ಸೋರ್ಸ್‌ನಲ್ಲಿರಬಹುದು, ಇನ್ನೊಂದು ಟೇಬಲ್ಲಿನ ಲುಕಪ್‌ನಲ್ಲಿ, ಮ್ಯಾಕ್ರೊದಲ್ಲಿ, ವಿಬಿಎ (ಆಕ್ಸೆಸ್ ಒಳಗಿನ ಪ್ರೋಗ್ರಾಮಿಂಗ್ ಭಾಷೆ) ಕೋಡಿನಲ್ಲಿ, ಕೊನೆಗೆ ಮ್ಯಾನೇಜರರ ಎಕ್ಸೆಲ್ ಶೀಟಿನಲ್ಲೂ ಇರಬಹುದು. ಒಂದೊಂದು ಜಾಗಕ್ಕೆ ಒಂದೊಂದು ಬಗೆಯ ಹುಡುಕಾಟ ಬೇಕು. ಅದೆಲ್ಲ ಮುಗಿದ ಮೇಲೂ ಕೋಡು ಓಡುವಾಗ ತುಂಡು ಜೋಡಿಸಿ ಕಟ್ಟುವ ಹೆಸರುಗಳು ಯಾವ ಹುಡುಕಾಟಕ್ಕೂ ಸಿಗುವುದಿಲ್ಲ. ನಿಮ್ಮೂರಿನ ಸುರಂಗ ಬಾವಡಿಯ ನೀರಿನ ದಾರಿಯ ಹಾಗೆ: ಮೇಲೆ ಅಲ್ಲಲ್ಲಿ ಬಾಯಿ ಕಾಣುತ್ತದೆ, ನಡುವಿನ ಹರಿವು ಕಾಣುವುದಿಲ್ಲ. ಹಾಗಾಗಿ ಪಟ್ಟಿ ತೆಗೆಯುವುದು ಮೊದಲ ಕೆಲಸ. ಅನುಮಾನದ ಟೇಬಲ್ಲಿಗೆ ಬೇರೆ ಹೆಸರಿಟ್ಟು ಯಾರು ಕೂಗುತ್ತಾರೆ ಎಂದು ಕಾದು ನೋಡುವುದು ಎರಡನೆಯದು. ಡಿಲೀಟ್ ಅದಾದ ಮೇಲಿನ ಮಾತು.

ಶುರುವಿಗೆ ಫೈಲಿನ ಪ್ರತಿ ಮಾಡಿಕೊಂಡು ಎಲ್ಲ ತನಿಖೆಯನ್ನೂ ಅದರ ಮೇಲೆಯೇ ಮಾಡಿ. ಶಿಫ್ಟ್ ಕೀ ಒತ್ತಿ ಹಿಡಿದು ಫೈಲ್ ತೆರೆದರೆ ಶುರುವಿನ ಮೆನು ಫಾರ್ಮ್ ಓಡದೆ ನೇರವಾಗಿ ಒಳಗೆ ಹೋಗಬಹುದು. ಪಕ್ಕದ ಪಟ್ಟಿ ಕಾಣದಿದ್ದರೆ ಎಫ್11. ಈಗ ಎರಡು ಸಂಗತಿ ನೋಡಿಕೊಳ್ಳಿ. ಟೇಬಲ್ಲಿನ ಐಕಾನ್ ಪಕ್ಕದಲ್ಲಿ ಸಣ್ಣ ಬಾಣವಿದ್ದರೆ ಅದು ಲಿಂಕ್ ಆದ ಟೇಬಲ್, ನಿಜವಾದ ಡೇಟಾ ಸರ್ವರ್ ಕಂಪ್ಯೂಟರಿನಲ್ಲಿರುವ ಇನ್ನೊಂದು ಫೈಲಿನಲ್ಲಿದೆ. ಆಗ ಅಲ್ಲಿನ ಹೆಸರು ಮತ್ತು ಇಲ್ಲಿನ ಹೆಸರು ಬೇರೆಬೇರೆ ಇರಬಹುದು. ಇಲ್ಲಿ ‘ಲಾಟ್1’ ಎಂದು ಕಾಣುವುದು ಅಲ್ಲಿನ ‘ಲಾಟ್’ ಟೇಬಲ್ಲಿನ ಎರಡನೇ ಲಿಂಕ್ ಅಷ್ಟೇ ಆಗಿರಬಹುದು. ಒಂದೇ ಟೇಬಲ್ಲನ್ನು ಎರಡು ಸಲ ಲಿಂಕ್ ಮಾಡಿದರೆ ಆಕ್ಸೆಸ್ ತಾನಾಗಿಯೇ ಹೀಗೆ 1 ಅಂಟಿಸುತ್ತದೆ, ಆದ್ದರಿಂದ ನಿಮ್ಮ ಪಟ್ಟಿಯ ‘1’ಗಳ ಮೇಲೆ ಮೊದಲ ಅನುಮಾನ ಇದೇ ಇರಲಿ. ಎರಡನೆಯ ಸಂಗತಿ, ಫೈಲಿನ ಕೊನೆಯ ಅಕ್ಷರಗಳು ಎಂಡಿಬಿ ಅಥವಾ ಎಸಿಸಿಡಿಬಿ ಆಗಿದ್ದರೆ ಒಳಗಿನ ವಿನ್ಯಾಸ, ಕೋಡು ಎರಡೂ ನೋಡಲು ಸಿಗುತ್ತವೆ. ಎಂಡಿಇ ಅಥವಾ ಎಸಿಸಿಡಿಇ ಆಗಿದ್ದರೆ ಫಾರ್ಮ್, ರಿಪೋರ್ಟುಗಳ ಡಿಸೈನ್ ತೆರೆಯುವುದಿಲ್ಲ, ಕೋಡು ಇರುವುದೇ ಇಲ್ಲ. ಅಂಥ ಫೈಲಿನಲ್ಲಿ ಏನು ಮಾಡಬಹುದು ಎಂಬುದು ಮುಂದೆ ಬರುತ್ತದೆ.

ತಲೆಕೆಡಿಸಿಕೊಳ್ಳಬೇಕಿಲ್ಲದ ಟೇಬಲ್‌ಗಳನ್ನು ಮೊದಲು ಬದಿಗೆ ಹಾಕಿ. ಹೆಸರಿನ ಕೊನೆಗೆ ‘ಇಂಪೋರ್ಟ್‌ಎರರ್ಸ್’ ಎಂದಿರುವವು, ‘ಪೇಸ್ಟ್ ಎರರ್ಸ್’, ‘ನೇಮ್ ಆಟೋಕರೆಕ್ಟ್ ಸೇವ್ ಫೇಲ್ಯೂರ್ಸ್’ ಇವು ಆಕ್ಸೆಸ್ ತಾನೇ ಉದುರಿಸಿದ ಕಸ. ಎಕ್ಸೆಲ್‌ನಿಂದ ಡೇಟಾ ಎಳೆದುಕೊಂಡಾಗ, ಅಂಟಿಸಿದಾಗ ಏನೋ ಸೇರಲಿಲ್ಲ ಎಂದು ಬರೆದಿಟ್ಟ ಚೀಟಿಗಳು ಅವು. ತೆಗೆದರೆ ಏನೂ ಆಗುವುದಿಲ್ಲ. ಇದಕ್ಕೆ ತದ್ವಿರುದ್ಧ ‘ಸ್ವಿಚ್‌ಬೋರ್ಡ್ ಐಟಮ್ಸ್’. ಯಾವ ರಿಪೋರ್ಟಿಗೂ ಸಂಬಂಧ ಇಲ್ಲದ ಹಾಗೆ ಕಾಣುತ್ತದೆ, ಆದರೆ ನಿಮ್ಮ ಮುಖ್ಯ ಮೆನುವಿನ ಬಟನ್‌ಗಳೆಲ್ಲ ಅದರ ಸಾಲುಗಳೇ ಆಗಿರಬಹುದು. ‘ಯುಸಿಸ್’ ಎಂದು ಶುರುವಾಗುವ ಟೇಬಲ್‌ಗಳನ್ನೂ ಮುಟ್ಟಬೇಡಿ. ‘ಯುಸಿಸ್‌ರಿಬ್ಬನ್ಸ್’ ಇದ್ದರೆ ಮೇಲ್ಗಡೆಯ ರಿಬ್ಬನ್ ಅಲ್ಲಿಂದಲೇ ಬರುತ್ತಿದೆ.

ಈಗ ಆ ಅರ್ಧದ ಬಟನ್. ಡೇಟಾಬೇಸ್ ಟೂಲ್ಸ್ ಟ್ಯಾಬಿನಲ್ಲಿ ‘ಆಬ್ಜೆಕ್ಟ್ ಡಿಪೆಂಡೆನ್ಸೀಸ್’ ಇದೆ, 2003ರ ಆವೃತ್ತಿಯಿಂದ ಬಂದದ್ದು. ಟೇಬಲ್ ಆರಿಸಿ ಒತ್ತಿದರೆ ಬಲಗಡೆ ಅದನ್ನು ನೆಚ್ಚಿಕೊಂಡಿರುವ ಟೇಬಲ್, ಕ್ವೆರಿ, ಫಾರ್ಮ್, ರಿಪೋರ್ಟುಗಳು ಕಾಣುತ್ತವೆ. ಇದು ಓಡಲು ಆಪ್ಷನ್ಸ್‌ನ ‘ಕರೆಂಟ್ ಡೇಟಾಬೇಸ್’ ಪುಟದಲ್ಲಿ ‘ಟ್ರ್ಯಾಕ್ ನೇಮ್ ಆಟೋಕರೆಕ್ಟ್ ಇನ್ಫೋ’ ಟಿಕ್ ಆಗಿರಬೇಕು. ಮೊದಲ ಸಲ ಒತ್ತಿದಾಗ ಎಲ್ಲವನ್ನೂ ತೆರೆದು ಓದಿ ಮಾಹಿತಿ ಕಟ್ಟಿಕೊಳ್ಳಬೇಕಾದ್ದರಿಂದ 143 ಟೇಬಲ್ಲಿನ ಫೈಲಿಗೆ ತುಸು ಹೊತ್ತು ಹಿಡಿಯುತ್ತದೆ. ಇದು ಮ್ಯಾಕ್ರೊ ನೋಡುವುದಿಲ್ಲ, ವಿಬಿಎ ನೋಡುವುದಿಲ್ಲ. ಯೂನಿಯನ್ (ಹಲವು ಕ್ವೆರಿಗಳ ಫಲ ಒಂದುಗೂಡಿಸುವ), ಪಾಸ್-ಥ್ರೂ (ನೇರವಾಗಿ ಬೇರೆ ಡೇಟಾಬೇಸ್ ಸರ್ವರಿಗೆ ಕಳಿಸುವ) ಕ್ವೆರಿಗಳು ಇದರ ಲೆಕ್ಕಕ್ಕಿಲ್ಲ, ಕ್ವೆರಿಯೊಳಗಿನ ಸಬ್‌ಕ್ವೆರಿಯ ವಿಷಯದಲ್ಲೂ ನಂಬುವ ಹಾಗಿಲ್ಲ. ಇನ್ನೂ ಒಂದು ಕುರುಡು ಜಾಗ ಟೇಬಲ್ಲಿನಿಂದ ಬೆಲೆ, ಮೊತ್ತ, ಎಣಿಕೆ ತರುವ ಡಿಲುಕಪ್, ಡಿಸಮ್, ಡಿಕೌಂಟ್ ಫಂಕ್ಷನ್‌ಗಳು. ಬಿಲ್ಲಿನ ರಿಪೋರ್ಟಿನಲ್ಲಿ ಹಮಾಲಿ ಲೆಕ್ಕ ಹಾಕುವ ಬಾಕ್ಸಿನ ಕಂಟ್ರೋಲ್ ಸೋರ್ಸ್ ಹೀಗಿದೆ ಎನ್ನಿ:

=ಡಿಲುಕಪ್("ದರ", "ಹಮಾಲಿರೇಟ್", "ತೂಕ=15")

ಇಲ್ಲಿ ‘ಹಮಾಲಿರೇಟ್’ ಎಂಬುದು ಉಲ್ಲೇಖ ಚಿಹ್ನೆಯೊಳಗಿನ ಬರಿ ಅಕ್ಷರ. ಅದೊಂದು ಟೇಬಲ್ ಎಂದು ಆಕ್ಸೆಸ್‌ಗೆ ಗೊತ್ತಾಗುವುದು ರಿಪೋರ್ಟ್ ಓಡಿದಾಗಲೇ. ಹಾಗಾಗಿ ಡಿಪೆಂಡೆನ್ಸೀಸ್ ಪಟ್ಟಿ ‘ಹಮಾಲಿರೇಟ್’ ಎದುರು ಖಾಲಿ ತೋರಿಸಬಹುದು. ಅಳಿಸಿದರೆ ಆವತ್ತಿನ ಬಿಲ್ಲಿನಲ್ಲಿ ಹಮಾಲಿಯ ಜಾಗದಲ್ಲಿ ‘#ಎರರ್’ ಎಂದು ಮುದ್ರಣವಾಗುತ್ತದೆ. ಈ ಬಟನ್ ‘ಇದೆ’ ಎಂದದ್ದನ್ನು ಬರೆದುಕೊಳ್ಳಿ, ‘ಇಲ್ಲ’ ಎಂದದ್ದನ್ನು ಕಿವಿಗೆ ಹಾಕಿಕೊಳ್ಳಬೇಡಿ.

ಇದಕ್ಕಿಂತ ಗಟ್ಟಿಯಾದ ದಾರಿ ಆಕ್ಸೆಸ್ಸಿನ ಸ್ವಂತ ಒಳಟೇಬಲ್‌ಗಳು. ಪಕ್ಕದ ಪಟ್ಟಿಯ ತಲೆಯ ಮೇಲೆ ರೈಟ್ ಕ್ಲಿಕ್ ಮಾಡಿ, ‘ನ್ಯಾವಿಗೇಶನ್ ಆಪ್ಷನ್ಸ್’ನಲ್ಲಿ ‘ಶೋ ಸಿಸ್ಟಮ್ ಆಬ್ಜೆಕ್ಟ್ಸ್’, ‘ಶೋ ಹಿಡನ್ ಆಬ್ಜೆಕ್ಟ್ಸ್’ ಎರಡಕ್ಕೂ ಟಿಕ್ ಹಾಕಿ. ‘ಎಂಸಿಸ್‌ಆಬ್ಜೆಕ್ಟ್ಸ್’ ಕಾಣುತ್ತದೆ. ಫೈಲಿನಲ್ಲಿರುವ ಪ್ರತಿ ವಸ್ತುವಿಗೂ ಇದರಲ್ಲಿ ಒಂದು ಸಾಲು. ‘ಟೈಪ್’ ಕಾಲಂನಲ್ಲಿ 1 ಇದ್ದರೆ ಇದೇ ಫೈಲಿನ ಟೇಬಲ್, 6 ಇದ್ದರೆ ಬೇರೆ ಆಕ್ಸೆಸ್ ಫೈಲಿನಿಂದಲೋ ಎಕ್ಸೆಲ್‌ನಿಂದಲೋ ಲಿಂಕ್ ಆದದ್ದು, 4 ಇದ್ದರೆ ಓಡಿಬಿಸಿ (ಬೇರೆ ಡೇಟಾಬೇಸ್ ಸರ್ವರಿಗೆ ಜೋಡಿಸುವ ವ್ಯವಸ್ಥೆ) ಲಿಂಕ್, 5 ಕ್ವೆರಿ. ಫಾರ್ಮಿಗೆ ಮೈನಸ್ 32768, ರಿಪೋರ್ಟಿಗೆ ಮೈನಸ್ 32764, ಮ್ಯಾಕ್ರೊಗೆ ಮೈನಸ್ 32766, ಮಾಡ್ಯೂಲಿಗೆ ಮೈನಸ್ 32761. ಲಿಂಕ್ ಆದ ಟೇಬಲ್ಲಿನ ಅಸಲಿ ಹೆಸರು ‘ಫಾರಿನ್‌ನೇಮ್’ ಕಾಲಂನಲ್ಲಿ, ಅದಿರುವ ಫೈಲಿನ ದಾರಿ ‘ಡೇಟಾಬೇಸ್’ ಕಾಲಂನಲ್ಲಿ ಸಿಗುತ್ತದೆ. ಮೇಲೆ ಹೇಳಿದ ‘ಲಾಟ್1’ ಅನುಮಾನ ಇಲ್ಲಿ ಒಂದು ನಿಮಿಷದಲ್ಲಿ ಬಗೆಹರಿಯುತ್ತದೆ. ಅಲ್ಲೇ ಇರುವ ‘ಡೇಟ್‌ಅಪ್‌ಡೇಟ್’ ನೋಡಿ ‘ಈ ಟೇಬಲ್ 2011ರಿಂದ ಯಾರೂ ಮುಟ್ಟಿಲ್ಲ’ ಎಂದು ತೀರ್ಮಾನಿಸುವವರು ಬಹಳ. ಅದು ವಿನ್ಯಾಸ ಬದಲಾದ ದಿನ, ಡೇಟಾ ಬದಲಾದ ದಿನವಲ್ಲ. ದಿನಕ್ಕೆ ನೂರು ಎಂಟ್ರಿ ಬೀಳುವ ಟೇಬಲ್ಲೂ ಅಲ್ಲಿ 2011 ಎಂದೇ ತೋರಿಸಬಹುದು.

ಇದರ ಜೊತೆಗಾರ ‘ಎಂಸಿಸ್‌ಕ್ವೆರೀಸ್’. ಹೊಸ ಕ್ವೆರಿಯಲ್ಲಿ ಈ ಎರಡನ್ನೂ ಇಟ್ಟು, ಎಂಸಿಸ್‌ಆಬ್ಜೆಕ್ಟ್ಸ್‌ನ ‘ಐಡಿ’ಯಿಂದ ಎಂಸಿಸ್‌ಕ್ವೆರೀಸ್‌ನ ‘ಆಬ್ಜೆಕ್ಟ್‌ಐಡಿ’ಗೆ ಗೆರೆ ಎಳೆಯಿರಿ. ‘ನೇಮ್’, ‘ನೇಮ್1’, ‘ಆಟ್ರಿಬ್ಯೂಟ್’ ಕಾಲಂ ಇಳಿಸಿ, ಆಟ್ರಿಬ್ಯೂಟ್‌ಗೆ 5 ಎಂದು ಷರತ್ತು ಹಾಕಿ ಓಡಿಸಿ. ಎಡಕ್ಕೆ ಕ್ವೆರಿಯ ಹೆಸರು, ಬಲಕ್ಕೆ ಅದು ಓದುವ ಟೇಬಲ್ ಅಥವಾ ಕ್ವೆರಿ, ಸಾಲಾಗಿ ಬರುತ್ತದೆ. ಷರತ್ತನ್ನು 1ಕ್ಕೆ ಬದಲಿಸಿ ನೇಮ್1 ಖಾಲಿ ಇಲ್ಲದ ಸಾಲು ತೆಗೆದರೆ ಅಪೆಂಡ್, ಮೇಕ್-ಟೇಬಲ್ ಕ್ವೆರಿಗಳು ಡೇಟಾ ಸುರಿಯುವ ಟೇಬಲ್‌ಗಳು ಸಿಗುತ್ತವೆ. ಇದನ್ನು ಬಿಡಬೇಡಿ. ‘ಟೆಂಪ್‌ಬಿಲ್’ನಂಥವು ಸಾಮಾನ್ಯವಾಗಿ ಹೀಗೆ ಬಿಲ್ಲಿನ ಹೊತ್ತಿಗೆ ತುಂಬಿ, ಮುದ್ರಣವಾದ ಮೇಲೆ ಖಾಲಿಯಾಗುವ ಟೇಬಲ್‌ಗಳು. ತೆರೆದು ನೋಡಿದಾಗ ಒಂದು ಸಾಲೂ ಇಲ್ಲವೆಂದು ಅಳಿಸಿದರೆ ಮರುದಿನ ಬಿಲ್ ಬರುವುದಿಲ್ಲ.

ಆ ಫಲಿತಾಂಶದಲ್ಲಿ ನೀವು ಮಾಡದ ಕ್ವೆರಿಗಳು ಕಾಣುತ್ತವೆ. ಹೆಸರು ‘~ಎಸ್‌ಕ್ಯೂ_ಎಫ್’ ಎಂದು ಶುರುವಾದರೆ ಅದು ಫಾರ್ಮಿನ ರೆಕಾರ್ಡ್ ಸೋರ್ಸ್, ‘~ಎಸ್‌ಕ್ಯೂ_ಸಿ’ ಆದರೆ ಫಾರ್ಮಿನೊಳಗಿನ ಕಾಂಬೊ, ಲಿಸ್ಟ್‌ಗಳ ರೋ ಸೋರ್ಸ್, ‘~ಎಸ್‌ಕ್ಯೂ_ಆರ್’ ರಿಪೋರ್ಟ್, ‘~ಎಸ್‌ಕ್ಯೂ_ಡಿ’ ರಿಪೋರ್ಟಿನೊಳಗಿನ ಕಂಟ್ರೋಲ್. ರೆಕಾರ್ಡ್ ಸೋರ್ಸ್‌ನಲ್ಲಿ ‘ಸೆಲೆಕ್ಟ್’ ವಾಕ್ಯ ಬರೆದಿದ್ದರೆ ಆಕ್ಸೆಸ್ ಅದನ್ನು ಗುಟ್ಟಾಗಿ ಹೀಗೆ ಕ್ವೆರಿ ಮಾಡಿ ಇಟ್ಟುಕೊಳ್ಳುತ್ತದೆ. ಟಿಲ್ಡೆಯ (~ ಚಿಹ್ನೆ) ಆಚೆಗಿನ ಭಾಗದಲ್ಲಿ ಫಾರ್ಮಿನ ಹೆಸರು, ಕಂಟ್ರೋಲಿನ ಹೆಸರು ಎರಡೂ ಇರುತ್ತವೆ. ಎಂಡಿಇ ಫೈಲಿಗೂ ಇದು ಅನ್ವಯಿಸುತ್ತದೆ. ಡಿಸೈನ್ ತೆರೆಯದ ಫಾರ್ಮ್ ಯಾವ ಟೇಬಲ್ ಓದುತ್ತದೆ ಎಂಬುದಕ್ಕೆ ಅಲ್ಲಿ ಇದೇ ಒಳ್ಳೆಯ ಸುಳಿವು. ಇದರಲ್ಲಿ ಎರಡು ಮೋಸ ಇವೆ. ರೆಕಾರ್ಡ್ ಸೋರ್ಸ್‌ನಲ್ಲಿ ಬರೀ ‘ಲಾಟ್’ ಎಂದು ಟೇಬಲ್ ಹೆಸರಷ್ಟೇ ಇದ್ದರೆ ಇಂಥ ಕ್ವೆರಿ ಹುಟ್ಟುವುದಿಲ್ಲ. ಮತ್ತೆ, ಫಾರ್ಮ್ ಬದಲಾಗಿದ್ದರೂ ಅಳಿದಿದ್ದರೂ ಹಳೆಯ ಟಿಲ್ಡೆ ಕ್ವೆರಿ ಕೆಲವೊಮ್ಮೆ ಹಾಗೇ ಉಳಿದಿರುತ್ತದೆ. ಆದ್ದರಿಂದ ಪ್ರತಿಯ ಮೇಲೆ ‘ಕಾಂಪ್ಯಾಕ್ಟ್ ಅಂಡ್ ರಿಪೇರ್’ ಮಾಡಿದ ಮೇಲೆಯೇ ಈ ಪಟ್ಟಿ ತೆಗೆಯಿರಿ.

ಯೂನಿಯನ್, ಪಾಸ್-ಥ್ರೂ, ವೇರ್ ಒಳಗಿನ ಸಬ್‌ಕ್ವೆರಿ, ಕ್ವೆರಿಯೊಳಗಿನ ಡಿಲುಕಪ್ ಇವು ನೇಮ್1 ಕಾಲಂನಲ್ಲಿ ಬಿಡಿಬಿಡಿಯಾಗಿ ಸಿಗುವುದಿಲ್ಲ. ಇವಕ್ಕೆ ವಿಬಿಎಯಲ್ಲಿ ಸಣ್ಣದೊಂದು ಪ್ರೊಸೀಜರ್ (ಕೋಡಿನ ತುಣುಕು) ಬರೆಯಲೇಬೇಕು: ಕರೆಂಟ್‌ಡಿಬಿಯ ಕ್ವೆರಿಡೆಫ್ಸ್ (ಫೈಲಿನ ಕ್ವೆರಿಗಳ ಪಟ್ಟಿ) ಸುತ್ತಿ, ಒಂದೊಂದರ ಎಸ್‌ಕ್ಯೂಎಲ್ (ಕ್ವೆರಿಯನ್ನು ಬರೆದ ವಾಕ್ಯ) ಗುಣ ಓದಿ, ಅದರೊಳಗೆ ಟೇಬಲ್ ಹೆಸರಿದೆಯೇ ಎಂದು ಅಕ್ಷರ ಹುಡುಕುವ ಫಂಕ್ಷನ್ ಆದ ಇನ್‌ಸ್ಟರ್‌ನಿಂದ ನೋಡಿ, ಸಿಕ್ಕದ್ದನ್ನು ಒಂದು ಹೊಸ ಟೇಬಲ್ಲಿಗೆ ಬರೆಯುವುದು. ಈ ಹೊಸ ಟೇಬಲ್ಲಿನಲ್ಲಿ ನಾಲ್ಕು ಕಾಲಂ ಸಾಕು: ಟೇಬಲ್ ಹೆಸರು, ವಸ್ತುವಿನ ಬಗೆ, ವಸ್ತುವಿನ ಹೆಸರು, ಸಿಕ್ಕ ಜಾಗ. ಮುಂದಿನ ಎಲ್ಲ ಹುಡುಕಾಟದ ಫಲವನ್ನೂ ಇದಕ್ಕೇ ಸೇರಿಸುತ್ತ ಹೋಗಿ.

ಇನ್‌ಸ್ಟರ್ ಬಳಸುವಾಗ ನಿಮ್ಮ ಹೆಸರುಗಳೇ ತೊಡಕು. ‘ಲಾಟ್’ ಎಂದು ಹುಡುಕಿದರೆ ‘ಲಾಟ್1’, ‘ಲಾಟ್_ಹಳೇದು’, ‘ಲಾಟ್‌ನಂಬರ್’ ಎಂಬ ಫೀಲ್ಡ್ ಎಲ್ಲವೂ ಬಂದು ಬೀಳುತ್ತವೆ. ಸಿಕ್ಕ ಜಾಗದ ಹಿಂದಿನ ಒಂದು ಅಕ್ಷರ, ಮುಂದಿನ ಒಂದು ಅಕ್ಷರ ನೋಡಿ, ಅವು ಅಕ್ಷರವೋ ಅಂಕೆಯೋ ಅಂಡರ್‌ಸ್ಕೋರೋ ಆಗಿದ್ದರೆ ಬಿಟ್ಟುಬಿಡಿ. ಕಾಮಾ, ಚುಕ್ಕೆ, ಚೌಕ ಬ್ರಾಕೆಟ್, ಉಲ್ಲೇಖ ಚಿಹ್ನೆ, ಖಾಲಿ ಜಾಗ, ಸಾಲಿನ ಕೊನೆ ಆಗಿದ್ದರೆ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ. ಇದಕ್ಕೆ ರೆಗೆಕ್ಸ್ (ಅಕ್ಷರಗಳ ಮಾದರಿ ಹುಡುಕುವ ಸಾಧನ) ಬಳಸುವವರಿಗೆ ಒಂದು ಮಾತು: ವಿಬಿಸ್ಕ್ರಿಪ್ಟ್ ರೆಗೆಕ್ಸ್‌ನ ಪದದ ಗಡಿ ಚಿಹ್ನೆಗೆ ಗೊತ್ತಿರುವುದು ಇಂಗ್ಲಿಷ್ ಅಕ್ಷರ, ಅಂಕೆ, ಅಂಡರ್‌ಸ್ಕೋರ್ ಮಾತ್ರ. ಟೇಬಲ್ಲಿಗೆ ಕನ್ನಡ ಲಿಪಿಯಲ್ಲೇ ಹೆಸರಿಟ್ಟಿದ್ದರೆ ಅದು ಕೈಕೊಡುತ್ತದೆ.

ಫಾರ್ಮ್ ಮತ್ತು ರಿಪೋರ್ಟುಗಳಿಗೂ ಹೀಗೇ. ಕರೆಂಟ್‌ಪ್ರಾಜೆಕ್ಟ್‌ನ ಆಲ್‌ಫಾರ್ಮ್ಸ್ ಸುತ್ತಿ, ಒಂದೊಂದನ್ನು ಡಿಸೈನ್ ವ್ಯೂನಲ್ಲಿ, ಕಾಣದ ಹಾಗೆ ತೆರೆದು, ಮೊದಲು ಫಾರ್ಮಿನ ರೆಕಾರ್ಡ್‌ಸೋರ್ಸ್ ಓದಿ. ಆಮೇಲೆ ಕಂಟ್ರೋಲುಗಳು. ಕಂಟ್ರೋಲ್‌ಟೈಪ್ 111 ಕಾಂಬೊ, 110 ಲಿಸ್ಟ್, ಇವಕ್ಕೆ ರೋಸೋರ್ಸ್. 112 ಸಬ್‌ಫಾರ್ಮ್, ಅದಕ್ಕೆ ಸೋರ್ಸ್‌ಆಬ್ಜೆಕ್ಟ್. ಸಬ್‌ಫಾರ್ಮಿನ ಜಾಗದಲ್ಲಿ ನೇರವಾಗಿ ಟೇಬಲ್ಲೇ ಕೂತಿದ್ದರೆ ಅಲ್ಲಿ ‘ಟೇಬಲ್.ಲಾಟ್’ ಎಂಬ ರೂಪದಲ್ಲಿರುತ್ತದೆ. 109 ಟೆಕ್ಸ್ಟ್ ಬಾಕ್ಸ್, ಅದರ ಕಂಟ್ರೋಲ್‌ಸೋರ್ಸ್ ಮತ್ತು ಡಿಫಾಲ್ಟ್‌ವ್ಯಾಲ್ಯೂ ಎರಡರಲ್ಲೂ ಡಿಲುಕಪ್ ಅಡಗಿರಬಹುದು. ಹಳೆಯ ಬಗೆಯ ಚಾರ್ಟ್ 114, ಅದಕ್ಕೂ ರೋಸೋರ್ಸ್ ಇದೆ. ಟೈಪ್ ನೋಡದೆ ಎಲ್ಲ ಕಂಟ್ರೋಲಿಗೂ ರೋಸೋರ್ಸ್ ಕೇಳಿದರೆ ಆ ಗುಣವೇ ಇಲ್ಲದ ಲೇಬಲ್ ಬಂದಾಗ 438ನೇ ಎರರ್ ಬಂದು ನಿಲ್ಲುತ್ತದೆ. ಮುಚ್ಚುವಾಗ ಸೇವ್ ಮಾಡದೆ ಮುಚ್ಚಿ.

ಜನ ಮರೆಯುವ ಜಾಗ ಟೇಬಲ್ಲೇ. ‘ಲಾಟ್’ ಟೇಬಲ್ ತೆರೆದಾಗ ರೈತನ ಕೋಡಿನ ಬದಲು ಹೆಸರೇ ಕಾಣುತ್ತ, ಅಲ್ಲೇ ಆರಿಸುವ ಬಾಣವೂ ಇದ್ದರೆ ಆ ಫೀಲ್ಡಿಗೆ ಲುಕಪ್ ಕೂರಿಸಿದ್ದಾರೆ ಎಂದರ್ಥ. ಅದರ ರೋ ಸೋರ್ಸ್ ‘ರೈತಮಾಸ್ಟರ್’ ಟೇಬಲ್ಲನ್ನು ಹಿಡಿದಿರುತ್ತದೆ. ಟೇಬಲ್‌ಡೆಫ್ಸ್ ಸುತ್ತಿ ಪ್ರತಿ ಫೀಲ್ಡಿನ ‘ರೋಸೋರ್ಸ್’ ಪ್ರಾಪರ್ಟಿ ಓದಬೇಕು. ಲುಕಪ್ ಇಲ್ಲದ ಫೀಲ್ಡಿನಲ್ಲಿ ಆ ಪ್ರಾಪರ್ಟಿ ಇರುವುದೇ ಇಲ್ಲ, 3270ನೇ ಎರರ್ ಬರುತ್ತದೆ, ಅದನ್ನು ದಾಟಿ ಹೋಗುವ ಹಾಗೆ ಬರೆಯಿರಿ. ರಿಲೇಶನ್‌ಶಿಪ್‌ಗಳು ‘ಎಂಸಿಸ್‌ರಿಲೇಶನ್‌ಶಿಪ್ಸ್’ ಒಳಟೇಬಲ್ಲಿನಲ್ಲಿ ಸಿಗುತ್ತವೆ. ಡೇಟಾ ಬೇರೆ ಫೈಲಿನಲ್ಲಿದ್ದರೆ ಈ ಎರಡನ್ನೂ ಆ ಫೈಲಿನೊಳಗೇ ಹೋಗಿ ನೋಡಿ.

ಮ್ಯಾಕ್ರೊ ಮತ್ತು ಕೋಡಿಗೆ ಸುಲಭ ದಾರಿ ಎಲ್ಲವನ್ನೂ ಟೆಕ್ಸ್ಟ್ ಫೈಲುಗಳಾಗಿ ಹೊರಗೆ ಸುರಿಯುವುದು. ‘ಅಪ್ಲಿಕೇಶನ್.ಸೇವ್‌ಆ್ಯಸ್‌ಟೆಕ್ಸ್ಟ್’ ಎಂಬ ಆಜ್ಞೆ ಅಧಿಕೃತ ಸಹಾಯ ಪುಟಗಳಲ್ಲಿ ಕಾಣದಿದ್ದರೂ ವರ್ಷಗಳಿಂದ ಎಲ್ಲರೂ ಬಳಸುವಂಥದ್ದು. ಅದಕ್ಕೆ ಬಗೆಯ ಸಂಖ್ಯೆ, ವಸ್ತುವಿನ ಹೆಸರು, ಫೈಲಿನ ದಾರಿ ಕೊಡಬೇಕು. ಫಾರ್ಮ್ 2, ರಿಪೋರ್ಟ್ 3, ಮ್ಯಾಕ್ರೊ 4, ಮಾಡ್ಯೂಲ್ 5. ಫಾರ್ಮಿನ ಟೆಕ್ಸ್ಟ್‌ನಲ್ಲಿ ಅದರ ಹಿಂದಿನ ಕೋಡೂ ಬರುತ್ತದೆ, ಬಟನ್ನಿಗೆ ಅಂಟಿದ ಎಂಬೆಡೆಡ್ ಮ್ಯಾಕ್ರೊವೂ ಬರುತ್ತದೆ. ಆಮೇಲೆ ಇಡೀ ಫೋಲ್ಡರಿನಲ್ಲಿ ಹುಡುಕಿ. ಇಲ್ಲೂ ಎರಡು ಹೊಂಡ. ಫಾರ್ಮ್, ರಿಪೋರ್ಟ್, ಮ್ಯಾಕ್ರೊ ಫೈಲುಗಳು ಯುಟಿಎಫ್-16ರಲ್ಲಿ (ಅಕ್ಷರಕ್ಕೆ ಎರಡು ಬೈಟ್ ಹಿಡಿಯುವ ಬಗೆ) ಬರುತ್ತವೆ, ಮಾಡ್ಯೂಲ್ ಮಾತ್ರ ಆ್ಯನ್ಸಿ ಎಂಬ ಹಳೆಯ ಬಗೆಯಲ್ಲಿ. ವಿಂಡೋಸ್‌ನ ‘ಫೈಂಡ್‌ಸ್ಟರ್’ನಿಂದ ಹುಡುಕಿದರೆ ಯುಟಿಎಫ್-16 ಫೈಲಿನಲ್ಲಿ ಪ್ರತಿ ಅಕ್ಷರದ ನಡುವೆ ಸೊನ್ನೆಯ ಬೈಟ್ ಇರುವುದರಿಂದ ಏನೂ ಸಿಗುವುದಿಲ್ಲ, ನೀವು ‘ಇಲ್ಲ’ ಎಂದು ಬರೆದುಕೊಳ್ಳುತ್ತೀರಿ. ನೋಟ್‌ಪ್ಯಾಡ್++‌ನ ‘ಫೈಂಡ್ ಇನ್ ಫೈಲ್ಸ್’ ಅಥವಾ ಪವರ್‌ಶೆಲ್‌ನ ‘ಸೆಲೆಕ್ಟ್-ಸ್ಟ್ರಿಂಗ್’ ಬಳಸಿ. ಎರಡನೆಯ ಹೊಂಡ, ಉದ್ದದ ಎಸ್‌ಕ್ಯೂಎಲ್ ವಾಕ್ಯವನ್ನು ಆಕ್ಸೆಸ್ ಈ ಫೈಲಿನಲ್ಲಿ ಎಲ್ಲೆಂದರಲ್ಲಿ ಮುರಿದು ಮುಂದಿನ ಸಾಲಿಗೆ ಹಾಕುತ್ತದೆ. ‘ಹಮಾಲಿರೇಟ್’ ಎಂಬುದು ‘ಹಮಾಲಿ’ ಎಂದು ಒಂದು ಸಾಲಿನ ಕೊನೆಗೆ, ‘ರೇಟ್’ ಎಂದು ಇನ್ನೊಂದರ ಶುರುವಿಗೆ ಹೋಗಿ ಕೂತರೆ ಹುಡುಕಾಟ ತಪ್ಪುತ್ತದೆ. ರೆಕಾರ್ಡ್ ಸೋರ್ಸ್, ರೋ ಸೋರ್ಸ್‌ಗಳನ್ನು ಪ್ರಾಪರ್ಟಿಯಿಂದಲೇ ಓದಿ ಎಂದು ಮೇಲೆ ಹೇಳಿದ್ದು ಇದಕ್ಕೇ. ಟೆಕ್ಸ್ಟ್ ಹುಡುಕಾಟವನ್ನು ಕೋಡು, ಮ್ಯಾಕ್ರೊಗಳಿಗೆ ಮಾತ್ರ ನೆಚ್ಚಿ.

ಟೇಬಲ್ಲಿಗೆ ಕನ್ನಡ ಅಕ್ಷರದಲ್ಲೇ ಹೆಸರಿಟ್ಟಿದ್ದರೆ ಕೋಡಿನಲ್ಲಿ ಆ ಹೆಸರು ಕನ್ನಡದಲ್ಲಿ ಕಾಣುವುದೇ ಇಲ್ಲ. ವಿಬಿಎ ಎಡಿಟರ್ ಆ್ಯನ್ಸಿ ಕೋಡ್ ಪೇಜಿನ ಕಾಲದ್ದು, ಕನ್ನಡಕ್ಕೆ ವಿಂಡೋಸ್‌ನಲ್ಲಿ ಅಂಥ ಕೋಡ್ ಪೇಜೇ ಇಲ್ಲ. ಟೈಪ್ ಮಾಡಿದರೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಬರುತ್ತದೆ. ಬರೆದವರು ಅದನ್ನು ‘ಸಿಎಚ್‌ಆರ್‌ಡಬ್ಲ್ಯೂ’ ಫಂಕ್ಷನ್ನಿನಿಂದ ಸಂಖ್ಯೆಗಳಾಗಿ ಜೋಡಿಸಿರುತ್ತಾರೆ. ಕನ್ನಡದ ಯುನಿಕೋಡ್ ಸಂಖ್ಯೆಗಳು 3200ರಿಂದ 3327ರವರೆಗೆ, ‘ಲ’ ಅಕ್ಷರಕ್ಕೆ 3250. ಹಾಗಾಗಿ ‘ಲಾಟ್’ ಹುಡುಕಬೇಕಾದರೆ ಕೋಡಿನಲ್ಲಿ 3250 ಹುಡುಕಿ.

ಇನ್ನು ಎಲ್ಲಕ್ಕಿಂತ ಅಪಾಯದ ಜಾಗಕ್ಕೆ ಬರೋಣ. ಹಂಗಾಮಿನ ಲೆಕ್ಕ ಇಡುವ ಸಾಫ್ಟ್‌ವೇರುಗಳಲ್ಲಿ ವರ್ಷಕ್ಕೊಂದು ಟೇಬಲ್ ಮಾಡುವ ಚಾಳಿ ಇದೆ: ‘ಆವಕ_2019’, ‘ಆವಕ_2020’ ಹೀಗೆ. ಕೋಡಿನಲ್ಲಿ ಅದು ಇರುವುದು ಹೀಗೆ:

"ಸೆಲೆಕ್ಟ್ * ಫ್ರಮ್ ಆವಕ_" & ವರ್ಷ

‘ಆವಕ_2019’ ಎಂಬ ಹೆಸರು ಇಡೀ ಫೈಲಿನಲ್ಲಿ ಎಲ್ಲೂ ಇಲ್ಲ. ನಿಮ್ಮ ಪಟ್ಟಿಯಲ್ಲಿ ಅದರ ಎದುರು ಸೊನ್ನೆ. ಆದರೆ ರೈತರೊಬ್ಬರು 2019ರ ಬಾಡಿಗೆ ಬಾಕಿ ತಕರಾರು ತಂದ ದಿನ ಅದು ಬೇಕೇ ಬೇಕು. ಇಂಥವಕ್ಕೆ ಹೆಸರನ್ನಲ್ಲ, ಕ್ರಿಯೆಯನ್ನು ಹುಡುಕಬೇಕು. ಓಪನ್‌ರೆಕಾರ್ಡ್‌ಸೆಟ್, ಎಕ್ಸಿಕ್ಯೂಟ್, ರನ್‌ಎಸ್‌ಕ್ಯೂಎಲ್, ಕ್ರಿಯೇಟ್‌ಕ್ವೆರಿಡೆಫ್, ಟ್ರಾನ್ಸ್‌ಫರ್‌ಸ್ಪ್ರೆಡ್‌ಶೀಟ್, ಟ್ರಾನ್ಸ್‌ಫರ್‌ಟೆಕ್ಸ್ಟ್, ‘ಡಿ’ಯಿಂದ ಶುರುವಾಗುವ ಲುಕಪ್ ಫಂಕ್ಷನ್‌ಗಳು, ಮತ್ತೆ ಕೋಡಿನಲ್ಲೇ ರೆಕಾರ್ಡ್‌ಸೋರ್ಸ್ ಬದಲಿಸುವ ಸಾಲುಗಳು. ಇವು ಸಿಕ್ಕಲ್ಲೆಲ್ಲ ನಿಂತು, ಪಕ್ಕದಲ್ಲಿ ಟೇಬಲ್ ಹೆಸರು ಇಡಿಯಾಗಿದೆಯೋ, ಯಾವುದೋ ವೇರಿಯಬಲ್ ಇದೆಯೋ ಎಂದು ಕಣ್ಣಿನಿಂದಲೇ ಓದಬೇಕು. ವೇರಿಯಬಲ್ ಇದ್ದರೆ ಅದಕ್ಕೆ ಬೆಲೆ ಎಲ್ಲಿಂದ ಬಂತು ಎಂದು ಹಿಂದಕ್ಕೆ ಹೋಗಿ. ಕೆಲವೊಮ್ಮೆ ಆ ಬೆಲೆ ಇನ್ನೊಂದು ಟೇಬಲ್ಲಿನ ಸಾಲಿನೊಳಗೇ ಬರೆದಿಟ್ಟ ಹೆಸರಾಗಿರುತ್ತದೆ, ಉದಾಹರಣೆಗೆ ರಿಪೋರ್ಟುಗಳ ಪಟ್ಟಿಯ ಟೇಬಲ್ಲಿನ ‘ಮೂಲ’ ಎಂಬ ಕಾಲಂ. ಬೇಸರದ ಕೆಲಸ, ಆದರೆ ಇದಕ್ಕೆ ಒಳದಾರಿ ಇಲ್ಲ. ಅಪಾಸ್ಟ್ರಫಿಯಿಂದ ಶುರುವಾದ ಸಾಲುಗಳು ಕಾಮೆಂಟು, ಅವನ್ನು ಮಾತ್ರ ನಿಶ್ಚಿಂತೆಯಿಂದ ಬಿಡಿ.

ಫೈಲಿನ ಹೊರಗೆ ಏನೇನು ನೇತಾಡುತ್ತಿದೆ ಎಂದು ಆಫೀಸಿನಲ್ಲಿ ಕೇಳಿ. ಬ್ಯಾಂಕಿಗೆ ಕೊಡುವ ಸ್ಟಾಕ್ ಸ್ಟೇಟ್‌ಮೆಂಟಿನ ಎಕ್ಸೆಲ್ ‘ರಿಫ್ರೆಶ್’ ಒತ್ತಿದರೆ ತುಂಬುತ್ತದೆಯೇ? ರೈತರಿಗೆ ನೋಟಿಸ್ ಕಳಿಸುವ ವರ್ಡ್ ಮೇಲ್ ಮರ್ಜ್ ಎಲ್ಲಿಂದ ಹೆಸರು ತರುತ್ತದೆ? ಗೇಟಿನ ಕಂಪ್ಯೂಟರಿನಲ್ಲಿ ಬೇರೆಯದೇ ಫ್ರಂಟ್ ಎಂಡ್ (ಫಾರ್ಮ್, ರಿಪೋರ್ಟುಗಳಿರುವ ಫೈಲ್) ಇದೆಯೇ? ಇವು ಯಾವುವೂ ನಿಮ್ಮ ಫೈಲಿನೊಳಗಿನ ಹುಡುಕಾಟಕ್ಕೆ ಸಿಗುವುದಿಲ್ಲ.

ಇಷ್ಟನ್ನು ಕೈಯಿಂದ ಮಾಡಲು ಹೊತ್ತಿಲ್ಲದಿದ್ದರೆ ಪುಕ್ಕಟೆ ಸಿಗುವ ‘ವಿ-ಟೂಲ್ಸ್’ ಎಂಬ ಆ್ಯಡ್-ಇನ್‌ನ ಆಳದ ಹುಡುಕಾಟ ಕ್ವೆರಿ, ಫಾರ್ಮ್, ಕೋಡು ಎಲ್ಲದರಲ್ಲೂ ಒಮ್ಮೆಗೇ ಹೆಸರು ಹುಡುಕುತ್ತದೆ. ದುಡ್ಡು ಕೊಟ್ಟು ಕೊಳ್ಳುವ ‘ಟೋಟಲ್ ಆಕ್ಸೆಸ್ ಅನಲೈಸರ್’ ಯಾವುದು ಎಲ್ಲೆಲ್ಲಿ ಬಳಕೆಯಲ್ಲಿದೆ ಎಂಬ ಅಡ್ಡಪಟ್ಟಿಯನ್ನೇ ಮಾಡಿಕೊಡುತ್ತದೆ. ಜೋಡಿಸಿದ ಹೆಸರಿನ ಮುಂದೆ ಇವೂ ಕುರುಡೇ. ಡೇಟಾಬೇಸ್ ಟೂಲ್ಸ್‌ನ ‘ಡಾಕ್ಯುಮೆಂಟರ್’ ನೂರಾರು ಪುಟ ಉಗುಳುತ್ತದೆ. ಈ ಕೆಲಸಕ್ಕೆ ಬೇಡ.

ಪಟ್ಟಿ ಆಯಿತು ಎನ್ನೋಣ. ಅದರಲ್ಲಿ ‘ಲಾಟ್_ಹಳೇದು’ ಎದುರು ಒಂದು ಕ್ವೆರಿ ಇದೆ ಎಂದಾಕ್ಷಣ ಆ ಟೇಬಲ್ ಜೀವಂತ ಎನ್ನಬೇಡಿ. ಆ ಕ್ವೆರಿಯನ್ನು ಯಾರು ಕರೆಯುತ್ತಾರೆ? ಯಾರೂ ಇಲ್ಲವಾದರೆ ಕ್ವೆರಿಯೇ ಸತ್ತಿದೆ. ಒಂದು ಫಾರ್ಮ್ ಕರೆಯುತ್ತದೆ ಎಂದರೆ, ಆ ಫಾರ್ಮನ್ನು ಯಾವ ಬಟನ್ ತೆರೆಯುತ್ತದೆ? ಫೈಲ್ ತೆರೆದಾಗ ತಾನಾಗಿ ಓಡುವ ‘ಆಟೋಎಕ್ಸೆಕ್’ ಮ್ಯಾಕ್ರೊ ಮತ್ತು ಶುರುವಿನ ಫಾರ್ಮಿನಿಂದ ಹೊರಟು ಕೈಗೆಟುಕುವವನ್ನೆಲ್ಲ ಗುರುತು ಹಾಕುತ್ತ ಬನ್ನಿ. ಗುರುತು ಬೀಳದೆ ಉಳಿದ ಫಾರ್ಮು, ಕ್ವೆರಿಗಳ ಮೂಲಕ ಮಾತ್ರ ಬಳಕೆಯಲ್ಲಿರುವ ಟೇಬಲ್ಲೂ ಅನುಮಾನದ ಗುಂಪಿಗೆ ಸೇರಲಿ.

ಈ ಗುಂಪಿನ ಮೇಲೆ ಹೆಸರು ಬದಲಿಸುವ ಪರೀಕ್ಷೆ. ಅದಕ್ಕೂ ಮುಂಚೆ ನೇಮ್ ಆಟೋಕರೆಕ್ಟ್‌ನ ಮೂರೂ ಟಿಕ್ ತೆಗೆಯಿರಿ. ಇದು ಮರೆತರೆ ಪರೀಕ್ಷೆಯೇ ಸುಳ್ಳಾಗುತ್ತದೆ: ನೀವು ‘ಲಾಟ್1’ಗೆ ಹೊಸ ಹೆಸರಿಟ್ಟರೆ ಆಕ್ಸೆಸ್ ಉಪಕಾರ ಮಾಡುವ ಉತ್ಸಾಹದಲ್ಲಿ ಕ್ವೆರಿ, ಫಾರ್ಮುಗಳಲ್ಲೂ ಹೆಸರು ತಿದ್ದಿಬಿಡುತ್ತದೆ, ಎಲ್ಲೂ ಎರರ್ ಬರುವುದಿಲ್ಲ. ಟಿಕ್ ತೆಗೆದ ಮೇಲೆ ಹೆಸರಿನ ಮುಂದೆ ‘ಝಡ್‌ಝಡ್_’ ಸೇರಿಸಿ, ಪಟ್ಟಿಯ ತಳಕ್ಕೆ ಹೋಗುತ್ತದೆ. ಲಿಂಕ್ ಟೇಬಲ್ ಆದರೆ ಡೇಟಾ ಇರುವ ಫೈಲಿನಲ್ಲಿ ಬದಲಿಸಿ. ಹೊರಗಿನ ಎಕ್ಸೆಲ್ ಹಿಡಿದಿದ್ದರೂ ಆಗ ಗೊತ್ತಾಗುತ್ತದೆ. ಒಂದು ಸಲಕ್ಕೆ ಐದಾರು ಟೇಬಲ್ ಸಾಕು. ಬಳಕೆ ಇದ್ದರೆ 3078 ಅಥವಾ 3011ನೇ ಎರರ್ ಬರುತ್ತದೆ, ಜೊತೆಗೆ ಟೇಬಲ್ಲಿನ ಹೆಸರೂ ಇರುತ್ತದೆ. ಹಳೆಯ ಹೆಸರು ಮರಳಿ ಇಟ್ಟರೆ ಎರಡು ನಿಮಿಷದಲ್ಲಿ ಕೆಲಸ ಮುಂದುವರಿಯುತ್ತದೆ.

ಎರರ್ ಬಾಯಿಬಿಡದಿರಲು ಒಂದು ಕಾರಣ ಕೋಡಿನಲ್ಲಿರುವ ‘ಆನ್ ಎರರ್ ರೆಸ್ಯೂಮ್ ನೆಕ್ಸ್ಟ್’. ಟೇಬಲ್ ಸಿಗಲಿಲ್ಲವೆಂದರೂ ಸುಮ್ಮನೆ ಮುಂದೆ ಹೋಗಿ ಬಿಲ್ಲಿನಲ್ಲಿ ಸೊನ್ನೆ ಹಾಕಿರುತ್ತದೆ. ಪರೀಕ್ಷೆಯ ಕಂಪ್ಯೂಟರಿನಲ್ಲಿ ವಿಬಿಎ ಎಡಿಟರಿನ ಟೂಲ್ಸ್, ಆಪ್ಷನ್ಸ್, ಜನರಲ್‌ನಲ್ಲಿ ‘ಬ್ರೇಕ್ ಆನ್ ಆಲ್ ಎರರ್ಸ್’ ಆರಿಸಿ; ಆಗ ನುಂಗಿದ ಎರರ್ ಕೂಡ ಅದೇ ಸಾಲಿನಲ್ಲಿ ನಿಲ್ಲುತ್ತದೆ. ಇನ್ನೊಂದು ಸಾಧನ ಆಕ್ಸೆಸ್ಸಿನ ಒಳಗೆ ಕ್ವೆರಿ ಓಡಿಸುವ ಎಂಜಿನ್ನಿನ ‘ಶೋಪ್ಲಾನ್’. ವಿಂಡೋಸ್ ರಿಜಿಸ್ಟ್ರಿಯಲ್ಲಿ ನಿಮ್ಮ ಆವೃತ್ತಿಯ ಜೆಟ್ ಅಥವಾ ಎಸಿಇ ಎಂಜಿನ್ನಿನ ‘ಎಂಜಿನ್ಸ್’ ಕೀಲಿಯ ಕೆಳಗೆ ‘ಡೀಬಗ್’ ಎಂಬ ಕೀಲಿ ಮಾಡಿ, ‘ಜೆಟ್‌ಶೋಪ್ಲಾನ್’ ಎಂಬ ಸ್ಟ್ರಿಂಗ್‌ಗೆ ‘ಆನ್’ ಎಂದು ಬೆಲೆ ಕೊಟ್ಟು ಆಕ್ಸೆಸ್ ಮತ್ತೆ ತೆರೆದರೆ, ಓಡಿದ ಪ್ರತಿ ಕ್ವೆರಿಯೂ ಯಾವ ಟೇಬಲ್ ಓದಿತು ಎಂದು ‘ಶೋಪ್ಲಾನ್.ಔಟ್’ ಎಂಬ ಫೈಲಿನಲ್ಲಿ ಬರೆಯುತ್ತ ಹೋಗುತ್ತದೆ. ಕೋಡಿನಲ್ಲಿ ಜೋಡಿಸಿ ಕಟ್ಟಿದ ‘ಆವಕ_2019’ ಕೂಡ ಇಲ್ಲಿ ಇಡಿಯಾಗಿ ಕಾಣುತ್ತದೆ. ಕೋಡು ಕಾಣದ ಎಂಡಿಇಗೆ ಇದು ಮತ್ತು ಹೆಸರು ಬದಲಿಸುವುದು, ಇವೆರಡೇ ನೆಚ್ಚುವಂಥವು. ಸಬ್‌ಕ್ವೆರಿಗಳನ್ನು, ಕ್ವೆರಿಯಿಲ್ಲದೆ ನೇರವಾಗಿ ತೆರೆದ ಟೇಬಲ್ಲನ್ನು ಇದು ಬರೆಯುವುದಿಲ್ಲ. ಫೈಲ್ ಬೆಳೆಯುತ್ತಲೇ ಇರುತ್ತದೆ, ಆಕ್ಸೆಸ್ ನಿಧಾನವಾಗುತ್ತದೆ. ಕೆಲಸ ಮುಗಿದ ಕೂಡಲೇ ‘ಆಫ್’ ಮಾಡಿ.

ಎಷ್ಟು ದಿನ ಕಾಯಬೇಕು? ಬೇಸಿಗೆಯ ಆವಕ, ಮಾರ್ಚ್ 31ರ ಲೆಕ್ಕ, ಸ್ಟೋರೇಜ್ ಖಾಲಿಯಾಗುವ ಹೊತ್ತಿನ ಕೊನೆಯ ಬಾಡಿಗೆ ಬಿಲ್ಲು, ಹೊಸ ಹಂಗಾಮಿಗೆ ದರ ಬದಲಿಸುವುದು ಇವೆಲ್ಲ ವರ್ಷಕ್ಕೆ ಒಂದೇ ಸಲ ಬರುವ ಕೆಲಸಗಳು. ಇವಕ್ಕೆ ಸಂಬಂಧಪಟ್ಟಿರಬಹುದಾದ ಟೇಬಲ್ ಒಂದು ಇಡೀ ಹಂಗಾಮು ‘ಝಡ್‌ಝಡ್_’ ಹೆಸರಿನಲ್ಲೇ ಇರಲಿ. ಜಾಗದ ಅವಸರ ಇದ್ದರೆ ಮಾತ್ರ ಬೇಗ ಅಳಿಸುವ ಮಾತು, ಆಕ್ಸೆಸ್ ಫೈಲಿನ ಮಿತಿ 2 ಜಿಬಿ. ಅಳಿಸಿದರೂ ಫೈಲ್ ತಾನಾಗಿ ಕಿರಿದಾಗುವುದಿಲ್ಲ, ಎಲ್ಲರೂ ಹೊರಬಂದ ಮೇಲೆ ಕಾಂಪ್ಯಾಕ್ಟ್ ಮಾಡಬೇಕು. ಅಳಿಸುವ ದಿನ ಆ ಟೇಬಲ್‌ಗಳನ್ನು ಮೊದಲು ಬೇರೊಂದು ಖಾಲಿ ಎಸಿಸಿಡಿಬಿ ಫೈಲಿಗೆ ಎಕ್ಸ್‌ಪೋರ್ಟ್ ಮಾಡಿ, ಸಾಲುಗಳ ಸಂಖ್ಯೆ ಎರಡೂ ಕಡೆ ತಾಳೆ ನೋಡಿ.

ನಿಮ್ಮ ಮೊದಲ ಕಂತಿಗೆ ಇಂಪೋರ್ಟ್‌ಎರರ್ಸ್‌ಗಳು ಮತ್ತು ‘ಲಾಟ್1’ನಂಥ ಎರಡನೇ ಲಿಂಕುಗಳು ಸಾಕು. ಲಿಂಕ್ ಅಳಿಸಿದರೆ ಹೋಗುವುದು ಲಿಂಕ್ ಮಾತ್ರ, ಡೇಟಾ ಅಲ್ಲೇ ಇರುತ್ತದೆ. ಆದರೂ ‘ಲಾಟ್1’ ಎಂಬ ಹೆಸರಿನಿಂದಲೇ ಕರೆಯುವ ಕ್ವೆರಿ ಇದೆಯೇ ಎಂದು ಎಂಸಿಸ್‌ಕ್ವೆರೀಸ್‌ನಲ್ಲಿ, ಕೋಡಿದೆಯೇ ಎಂದು ಟೆಕ್ಸ್ಟ್ ಫೈಲುಗಳಲ್ಲಿ ಒಮ್ಮೆ ನೋಡಿಕೊಂಡು ಕೈ ಹಚ್ಚಿ.